ಭೀಮೆಯ ಸೀಮೆಯಿಂದ ಹೋದ ಹೆಸರು, ಹೋದ ಮೀನು

ನಾಲವಾರ ಸ್ಟೇಷನ್ನಿನಲ್ಲಿ ಇಳಿಯುವ ಪರವೂರಿನವರು ಒಂದೋ ಕೋರಿಸಿದ್ಧೇಶ್ವರ ಮಠಕ್ಕೆ ಬಂದವರು, ಇಲ್ಲವೇ ಸನ್ನತಿಗೆ ಹೊರಟವರು. ಸನ್ನತಿಗೆ ಹೋದವರು ಅಶೋಕನ ಶಾಸನ ನೋಡಿ, ಚಂದ್ರಲಾಂಬೆಗೆ ಕೈಮುಗಿದು, ಭೀಮೆಯನ್ನು ಒಂದು ಗಳಿಗೆ ನೋಡಿ ತಿರುಗುತ್ತಾರೆ. ಈ ನೀರು ಮುಂದೆ ಕೃಷ್ಣೆಗೆ ಸೇರುತ್ತದೆ. ಇಲ್ಲಿಂದ ನೂರಾರು ಮೈಲಿ ದಕ್ಷಿಣಕ್ಕೆ ಕನಕಪುರ, ಮಳವಳ್ಳಿ ಕಡೆ ಹರಿಯುವ ಕಾವೇರಿಗೂ ಇದಕ್ಕೂ ಎಲ್ಲಿಯೂ ಸಂಗಮವಿಲ್ಲ. ಆದರೂ ಭೀಮೆಯ ಸೀಮೆಯಿಂದ ಕಾವೇರಿಗೆ ಎರಡು ಸಂಗತಿ ಹೋಗಿವೆ. ಮೊದಲು ಹೋದದ್ದು ಒಂದು ಹೆಸರು, ಅದು ತಪ್ಪು ಹೆಸರು. ಆಮೇಲೆ ಹೋದದ್ದು ಒಂದು ಮೀನು, ಅದು ಹೋಗಬಾರದಾಗಿದ್ದ ಮೀನು. ಈ ಎರಡನೆಯದು ಬಯಲಿಗೆ ಬಂದದ್ದು ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಶೋಕಿಯವರ ಲೆಕ್ಕದ ಪುಸ್ತಕದಿಂದ.

ಹೆಸರಿನ ಕತೆ ಮೊದಲು. ಬೊಂಬಾಯಿ ಸರ್ಕಾರದ ಅಂಕಿಅಂಶ ಕಲೆಹಾಕುತ್ತ ದಖ್ಖನ್ ಸುತ್ತಿದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಇಲ್ಲಿನ ಮೀನುಗಳನ್ನು ವಿವರಿಸಿದ. ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ಸಿಕ್ಕಿದ ಒಂದಕ್ಕೆ ಖುದ್ರೀ ಎಂದ. ಶಿರೂರಿನ ಬಳಿ ಘೋಡ್ ನದಿಯಲ್ಲಿ ಸಿಕ್ಕಿದ ಇನ್ನೊಂದಕ್ಕೆ ಮುಸ್ಸುಲ್ಲಾ ಎಂದ. ಎರಡೂ ನದಿಗಳು ಭೀಮೆಯ ಒಡಲಿಗೇ ಬೀಳುವಂಥವು. ಅತ್ತ ಕಾವೇರಿಯಲ್ಲಿ ತಲೆಯ ಹಿಂದಿನಿಂದಲೇ ಡುಬ್ಬ ಎದ್ದು, ರೆಕ್ಕೆಗಳು ಕಿತ್ತಳೆ ಬಣ್ಣಕ್ಕಿದ್ದು, ಆಳೆತ್ತರ ಬೆಳೆಯಬಲ್ಲ ಮಹಶೀರ್ ಇತ್ತು. ಬ್ರಿಟಿಷ್ ಅಧಿಕಾರಿಗಳಿಗೆ ಅದು ನೀರೊಳಗಿನ ಹುಲಿ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಎಳೆದು ದಾಖಲೆ ಮಾಡಿದವರು ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು. ರಾಜರು ಹೊಡೆದ ಹುಲಿಗಳನ್ನು ಜೀವ ಇದ್ದಂತೆಯೇ ಮಾಡಿ ನಿಲ್ಲಿಸುತ್ತಿದ್ದ ಮನೆತನ ಅದು. ಹಿಡಿದದ್ದನ್ನು ಬಿಡುವ ಮಾತು ಆಗ ಯಾರ ತಲೆಗೂ ಹೊಕ್ಕಿರಲಿಲ್ಲ.

ಇಷ್ಟು ಪ್ರಖ್ಯಾತವಾದ ಮೀನಿಗೆ ವಿಜ್ಞಾನದಲ್ಲಿ ಸ್ವಂತ ಹೆಸರೇ ಇರಲಿಲ್ಲ. ಸೈಕ್ಸ್‌ನ ಮುಸ್ಸುಲ್ಲಾ ಇದೇ ಇರಬೇಕು ಎಂದು ಅಂದಾಜಿನ ಮೇಲೆ ಆ ಚೀಟಿಯನ್ನು ಅಂಟಿಸಿದ್ದರು. ಕೆದಕಿ ನೋಡಿದಾಗ ಸೈಕ್ಸ್ ಕಂಡದ್ದು ಮಹಶೀರೇ ಅಲ್ಲ, ಬೇರೆ ಕುಲದ ಮೀನು ಎಂದಾಯಿತು. ಕಾವೇರಿಯ ಡುಬ್ಬದ ಮೀನು ಮತ್ತೆ ಅನಾಮಿಕ.

ಇನ್ನು ಮೀನಿನ ಕತೆ. ಅಣೆಕಟ್ಟುಗಳಿಂದ, ಡೈನಮೈಟಿನಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿ ಲೋಣಾವಳದಲ್ಲಿ ಖುದ್ರೀ ಮೀನಿಗೆ ಸಂತಾನ ಮಾಡಿಸಲು ತೊಡಗಿತು. ಕೈಯಿಂದ ತತ್ತಿ ಹಿಂಡಿ, ಮರಿ ಮಾಡಿ, ಬೇರೆ ರಾಜ್ಯಗಳಿಗೂ ಕೊಟ್ಟರು. ಮಹಶೀರ್ ಉಳಿಸಬೇಕು, ಇದೂ ಮಹಶೀರೇ, ಕಾವೇರಿಗೆ ಬಿಟ್ಟರಾಯಿತು ಎಂಬ ಲೆಕ್ಕ. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ನೀಲಿ ರೆಕ್ಕೆಯ ಆ ಮರಿಗಳು ಕಾವೇರಿಯಲ್ಲಿ ಚೆನ್ನಾಗಿಯೇ ಬೇರೂರಿದವು.

ಅದೇ ಹೊತ್ತಿಗೆ ಗಾಳದವರ ರೀತಿಯೂ ಬದಲಾಯಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದಷ್ಟು ಉದ್ದವನ್ನು ಕಾಯತೊಡಗಿತು. ಆ ದಶಕದ ಕೊನೆಯಲ್ಲಿ ಮೂವರು ಇಂಗ್ಲಿಷರು ಬಂದು, ಮುಗಿದೇ ಹೋಯಿತು ಎಂದುಕೊಂಡಿದ್ದ ದೈತ್ಯ ಮೀನು ಇನ್ನೂ ಇದೆ ಎಂದು ತೋರಿಸಿಕೊಟ್ಟರು. ಆಮೇಲೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಿಗೆ ಪರದೇಶದವರು ಸಾಲುಗಟ್ಟಿದರು. ನಿಯಮ ಒಂದೇ: ಹಿಡಿ, ತೂಗು, ಫೋಟೊ ತೆಗೆ, ಬಿಡು. ಮೊದಲು ಕದ್ದು ಮೀನು ಹೊಡೆಯುತ್ತಿದ್ದ ಊರವರಲ್ಲಿ ಕೆಲವರೇ ಈಗ ಹರಿಗೋಲು ಹಾಕುವ, ಮೀನಿನ ಜಾಗ ತೋರಿಸುವ, ಕಳ್ಳರನ್ನು ಓಡಿಸುವ ಸಂಬಳದ ಆಳುಗಳಾದರು.

ಆ ಗಾಳವನ್ನು ಹತ್ತಿರದಿಂದ ನೋಡಬೇಕು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಕೊಕ್ಕೆಗೆ ಮೆತ್ತುತ್ತಾರೆ. ಮಹಶೀರಿನ ತುಟಿ ದಪ್ಪ, ಬಾಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲು ಇರುವುದು ಗಂಟಲಲ್ಲಿ. ಕೊಕ್ಕೆ ನಾಟಿತೆಂದರೆ ಅದು ಸುಳಿಗೆ, ಬಂಡೆಯ ಸಂದಿಗೆ ನುಗ್ಗುತ್ತದೆ. ದೊಡ್ಡದಾದರೆ ಹರಿಗೋಲಿನಲ್ಲಿ ಅದರ ಹಿಂದೆ ತೇಲುತ್ತ ಹೋಗಬೇಕು, ಅದು ಸುಸ್ತಾಗುವ ತನಕ. ಹಿಂದೆ ಬಾಯಿಗೆ ಹಗ್ಗ ಪೋಣಿಸಿ, ಒಳ್ಳೆಯ ಬೆಳಕು ಬರುವವರೆಗೆ ನೀರಲ್ಲೇ ಕಟ್ಟಿಹಾಕುವ ರೂಢಿಯೂ ಇತ್ತು, ಬರೀ ಫೋಟೊಕ್ಕಾಗಿ. ಇದನ್ನು ದಯೆ ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ.

ಮೀನಿಗೆ ನೋವು ಗೊತ್ತಾಗುತ್ತದೆಯೇ? 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಜೇನ್ನೊಣದ ವಿಷ, ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಆಮ್ಲ ಚುಚ್ಚಿಸಿಕೊಂಡ ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿದವು, ಎಷ್ಟೋ ಹೊತ್ತು ಮೇವು ಮುಟ್ಟಲಿಲ್ಲ. ಮೆದುಳಿನ ರಚನೆ ತೋರಿಸಿ ಇದನ್ನು ಅಲ್ಲಗಳೆಯುವ ವಿಜ್ಞಾನಿಗಳೂ ಇದ್ದಾರೆ, ಜಗಳ ಮುಗಿದಿಲ್ಲ. ಕಾವೇರಿಯಲ್ಲಿಯೇ ನೀಲಿ ರೆಕ್ಕೆಯ ಮೀನುಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಿಡಿದು ಬಿಟ್ಟವುಗಳಲ್ಲಿ ಸಾವು ತೀರಾ ಕಡಿಮೆ. ಬದುಕುತ್ತವೆ ಎಂಬುದು ಸರಿ. ಆದರೆ ಬದುಕುವುದೂ ನೋಯದಿರುವುದೂ ಒಂದೇ ಅಲ್ಲ.

ಸ್ವಿಟ್ಜರ್ಲೆಂಡಿನಲ್ಲಿ 2009ರಿಂದ, ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದು ಅಪರಾಧ. ತಿನ್ನುವುದಾದರೆ ಹಿಡಿ, ಆಟಕ್ಕೆ ಹಿಂಸೆ ಕೊಡಬೇಡ ಎಂಬುದು ಅಲ್ಲಿನ ನ್ಯಾಯ. ಭೀಮೆಯಲ್ಲಿ ಬಲೆ ಬೀಸುವ ಕಬ್ಬಲಿಗರಿಗೆ ಇದನ್ನು ಹೇಳಿದರೆ, ಇದಕ್ಕೆ ಕಾನೂನು ಬೇರೆ ಬೇಕೇ ಎಂದು ಕೇಳಿಯಾರು. ಕಾವೇರಿ ದಡದ ರಾಮನಾಥಪುರದಲ್ಲಿ, ತುಂಗೆಯ ಶೃಂಗೇರಿಯಲ್ಲಿ, ಶಿಶಿಲದಲ್ಲಿ ನಿಯಮವೇ ಬೇರೆ: ಹಿಡಿಯಲೇಬೇಡ, ಪುರಿ ಹಾಕಿ ಕೈಮುಗಿ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತಾಗ ಊರವರು ಅವಕ್ಕೊಂದು ಸ್ಮಾರಕ ಕಟ್ಟಿದರು. ಅಶೋಕನದು ಇನ್ನೊಂದು ದಾರಿ. ಸನ್ನತಿಯ ಕಲ್ಲಿನಲ್ಲಿ ಮೀನಿನ ಮಾತಿಲ್ಲ, ಅದು ಇರುವುದು ದಿಲ್ಲಿಯೇ ಮೊದಲಾದ ಕಡೆಯ ಐದನೇ ಸ್ತಂಭ ಶಾಸನದಲ್ಲಿ. ಕೆಲವು ಜಾತಿಯ ಮೀನನ್ನು ಯಾವತ್ತೂ ಕೊಲ್ಲಬಾರದು, ಉಳಿದವನ್ನು ಇಂತಿಂಥ ಹುಣ್ಣಿಮೆ, ವ್ರತದ ದಿನಗಳಲ್ಲಿ ಕೊಲ್ಲಬಾರದು, ಮಾರಬಾರದು ಎಂಬುದು ಅವನ ಕಟ್ಟಳೆ. ಚಕ್ರವರ್ತಿಗೂ ಬೆಸ್ತರ ಹೊಟ್ಟೆಪಾಡು ಗೊತ್ತಿತ್ತು ಅನ್ನಿಸುತ್ತದೆ.

ಇವರೆಲ್ಲರ ನಡುವೆ ಗಾಲಿಬೋರೆಯವರ ವಿಶೇಷವೆಂದರೆ ಅವರು ಬರೆದಿಟ್ಟರು. ಗಾಳ ಹಾಕುವವರ ಮಾತಿಗೆ ಬೆಲೆ ಕಡಿಮೆ, ತಪ್ಪಿಸಿಕೊಂಡ ಮೀನೇ ಯಾವಾಗಲೂ ದೊಡ್ಡದು, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಶಿಬಿರದ ಪುಸ್ತಕದಲ್ಲಿ ಮಾತ್ರ ಅದು ನಡೆಯದು. ತೂಗಿದ್ದಷ್ಟೇ ಬರೆಯಬೇಕು, ಎಷ್ಟು ಗಂಟೆ ಕೂತಿದ್ದರು ಎಂಬುದೂ ಇರಬೇಕು. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಆ ಪುಸ್ತಕಗಳನ್ನು ಕೈಗೆತ್ತಿಕೊಂಡರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮೀನು, ಅರ್ಧ ಕಿಲೋಗಿಂತ ಚಿಕ್ಕದರಿಂದ ಹಿಡಿದು 46.8 ಕಿಲೋವರೆಗೆ.

ಮೊದಲು ಕಂಡದ್ದು ಸಂತೋಷದ ಸುದ್ದಿ. ವರ್ಷ ಹೋದಂತೆ ಗಂಟೆಗೆ ಸಿಗುವ ಮೀನು ಹೆಚ್ಚುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಅಂದರೆ ಮರಿಗಳು ಹುಟ್ಟಿ ಬರುತ್ತಿವೆ, ಕಾವಲು ಫಲಿಸಿದೆ. ಮೀನನ್ನೆಲ್ಲ ಒಂದೇ ರಾಶಿ ಹಾಕಿ ಎಣಿಸಿದಾಗ ಸಿಕ್ಕಿದ ಉತ್ತರ ಇದು. ಅದಕ್ಕೂ ಹಿಂದಿನ ಹಳೆಯ ಪುಸ್ತಕಗಳನ್ನೂ ಫೋಟೊಗಳನ್ನೂ ಜೋಡಿಸಿ, ಡುಬ್ಬದ್ದು ಯಾವುದು, ನೀಲಿ ರೆಕ್ಕೆಯದು ಯಾವುದು ಎಂದು ರಾಶಿ ಬೇರೆ ಮಾಡಿದಾಗ ಚಿತ್ರ ತಲೆಕೆಳಗಾಯಿತು. ಹಳೆಯ ದಾಖಲೆಗಳಲ್ಲಿ ಇದ್ದದ್ದು ಡುಬ್ಬದ್ದು ಮಾತ್ರ. ತೊಂಬತ್ತರ ದಶಕದಿಂದ ಈಚೆ ಹೆಚ್ಚಿದ್ದೆಲ್ಲ ಲೋಣಾವಳದ ಬಳಗ. ಡುಬ್ಬದವು ಅಪರೂಪವಾಗುತ್ತ, ಸಿಕ್ಕರೂ ದೊಡ್ಡವೇ ಸಿಗುತ್ತ ಹೋಗಿದ್ದವು. ಮುದುಕರಷ್ಟೇ ಉಳಿದು ಮಕ್ಕಳು ಹುಟ್ಟದ ಮನೆ. 2015ರಲ್ಲಿ ಇದು ಪ್ರಕಟವಾಯಿತು.

ನೀಲಿ ರೆಕ್ಕೆಯದೇ ಡುಬ್ಬದ್ದನ್ನು ಓಡಿಸಿತು ಎಂದು ಈ ಪುಸ್ತಕಗಳಷ್ಟರಿಂದಲೇ ತೀರ್ಪು ಕೊಡಲಾಗದು. ಒಂದು ಏರಿದಾಗ ಇನ್ನೊಂದು ಇಳಿಯಿತು ಎಂಬುದಷ್ಟು ಖಚಿತ. ಅಣೆಕಟ್ಟು, ಮರಳು ಗಣಿ, ಬತ್ತುವ ಹೊಳೆ, ಡೈನಮೈಟು, ಇವೂ ಕಟಕಟೆಯಲ್ಲಿ ನಿಲ್ಲಬೇಕಾದವೇ.

ಹೆಸರಿಲ್ಲದ ಜೀವವನ್ನು ಅಳಿವಿನ ಪಟ್ಟಿಗೆ ಸೇರಿಸುವುದು ಕಷ್ಟ. ಉಳಿದ ಮೀನು ಹುಡುಕಿಕೊಂಡು ಹೊರಟ ತಂಡಕ್ಕೆ ಅದು ಸಿಕ್ಕಿದ್ದು ಬಂಡೀಪುರ, ಮುದುಮಲೆಗಳ ನಡುವೆ ಕಂದರದಲ್ಲಿ ಹರಿಯುವ ಮೋಯಾರ್ ಹೊಳೆಯಲ್ಲಿ. ದೇಹದ ಅಳತೆ, ಡಿಎನ್‌ಎ ಎರಡನ್ನೂ ಹೋಲಿಸಿದಾಗ ತಾಳೆಯಾದದ್ದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿಯೈ ಎಂಬ ಮೀನಿಗೆ. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣದ ವಿಜ್ಞಾನಿ ಕೆ. ರೆಮಾದೇವಿ ಅವರ ಹೆಸರು ಹೀಗೆ ಕಾವೇರಿಯ ಅತಿ ದೊಡ್ಡ ಮೀನಿಗೆ ಬಂತು. 2018ರ ಜೂನ್‌ನಲ್ಲಿ ಪ್ರಬಂಧ ಹೊರಬಿತ್ತು, ಅದೇ ನವೆಂಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿ ಶಿಬಿರಗಳಲ್ಲಿ ಗಾಳ ನಿಂತು ವರ್ಷಗಳಾಗಿದ್ದವು. 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಅಭಯಾರಣ್ಯದೊಳಗೆ ಪ್ರಾಣಿ ಹಿಡಿಯುವುದೇ ಬೇಟೆ, ಆಮೇಲೆ ಬಿಟ್ಟರೂ ಬೇಟೆಯೇ. ಕಾವೇರಿ ಅಭಯಾರಣ್ಯದ ಗಾಳದ ಶಿಬಿರಗಳು 2012ರಲ್ಲಿ ಆ ಕೆಲಸ ನಿಲ್ಲಿಸಿದವು. ಕಾನೂನನ್ನು ತಪ್ಪೆನ್ನಲಾರೆ, ಜಿಂಕೆಗೊಂದು ಮೀನಿಗೊಂದು ನ್ಯಾಯ ಯಾಕೆ? ಆದರೆ ಗಾಳ ನಿಂತ ಮೇಲೆ ಅಲ್ಲಿ ಶಿಬಿರದ ಪುಸ್ತಕದಲ್ಲಿ ಗಂಟೆ, ತೂಕ ಬರೆಯುವವರೂ ಇಲ್ಲವಾದರು. ಕಾವಲಿನ ಆಳುಗಳ ಸಂಬಳ ನಿಂತ ಮೇಲೆ ಡೈನಮೈಟು ಮತ್ತೆ ಸದ್ದು ಮಾಡಿತು ಎಂದು ಸಂಶೋಧಕರೇ ಬರೆದಿದ್ದಾರೆ.

ನನ್ನ ತಕರಾರು ಕೊಕ್ಕೆಗಿಂತ ಹೆಚ್ಚಾಗಿ ಬಿಡುವ ಕೈಯ ಮೇಲೆ. ಒಂದು ಮೀನಿನ ತುಟಿ ಹರಿದದ್ದಕ್ಕೆ ನಾವು ಪಾಪಪುಣ್ಯ ತೂಗುತ್ತೇವೆ, ಒಂದು ಹೊಳೆಗೆ ಬೇರೆ ಹೊಳೆಯ ಮರಿಗಳನ್ನು ಸುರಿಯುವುದಕ್ಕೆ ಹಾರ ಹಾಕುತ್ತೇವೆ. ಈಗಲೂ ಮೀನುಮರಿ ಬಿಡುವ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುವುದುಂಟು. ಮುಂದೆಂದಾದರೂ ಕಾವೇರಿ ಅಭಯಾರಣ್ಯದಲ್ಲಿ ಗಾಳಕ್ಕೆ ಮತ್ತೆ ಅಪ್ಪಣೆ ಸಿಕ್ಕರೆ ಹಳೆಯ ನಿಯಮ ಅರ್ಧಕ್ಕರ್ಧ ಬದಲಾಗಬೇಕು. ಕಿತ್ತಳೆ ರೆಕ್ಕೆಯದು ಬಿದ್ದರೆ ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಕಳಿಸಬೇಕು. ನೀಲಿ ರೆಕ್ಕೆಯದು ಬಿದ್ದರೆ ಬಿಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ, ಅದು ದಡದ ಊರವರ ಸಾರಿಗೆ ಹೋಗಲಿ.