ಆತ್ಮರಕ್ಷಣೆಯ ಹಕ್ಕು ಇದೆ, ಬಂದೂಕಿನ ಹಕ್ಕು?

ನಡುರಾತ್ರಿ ಬೀಗ ಮುರಿದು ಕಳ್ಳರು ನುಗ್ಗಿದರೆ ಏನು ಮಾಡುತ್ತೀರಿ? ಪೊಲೀಸರಿಗೆ ಫೋನ್ ಮಾಡುತ್ತೀರಿ, ಸರಿ. ಅವರು ಬರುವವರೆಗೆ? ಪುಣೆಯ ನಮ್ಮ ಸೊಸೈಟಿಯಲ್ಲಿ ಎರಡು ಫ್ಲಾಟ್‌ಗಳಲ್ಲಿ ಕಳ್ಳತನವಾದಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ಚರ್ಚೆ. 'ಗನ್ ಲೈಸೆನ್ಸ್ ಮಾಡಿಸೋಣ' ಎಂದರು ಒಬ್ಬರು. 'ಕಳ್ಳನಿಗೆ ಒಂದೇಟು ಬಿದ್ದರೂ ಜೈಲಿಗೆ ಹೋಗುವವರು ನಾವೇ' ಎಂದರು ಇನ್ನೊಬ್ಬರು. ಕಾನೂನು ನೋಡಿದರೆ ಎರಡೂ ಪೂರ್ತಿ ಸರಿಯಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು (ಹಳೆಯ ಐಪಿಸಿಯಲ್ಲಿ 96ರಿಂದ 106) ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ನಮ್ಮ ಜೀವ, ಸ್ವತ್ತು ಮಾತ್ರವಲ್ಲ, ಪಕ್ಕದ ಮನೆಯವರದ್ದನ್ನೂ ಕಾಪಾಡಬಹುದು. ಪ್ರಾಣಾಪಾಯದ ಹಲ್ಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ದರೋಡೆ, ಕತ್ತಲಾದ ಮೇಲೆ ಮನೆ ಒಡೆದು ನುಗ್ಗುವುದು - ಇಂಥವನ್ನು ತಡೆಯುವಾಗ ದಾಳಿಕೋರ ಸತ್ತರೂ, ಮಿತಿ ಮೀರದಿದ್ದರೆ, ಅದು ಅಪರಾಧವಲ್ಲ.

ಮಿತಿ ಏನು? ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ಸಿಕ್ಕಿಬಿದ್ದ ಕಳ್ಳನನ್ನು ಕಂಬಕ್ಕೆ ಕಟ್ಟಿ ಬಡಿದರೆ ಅಪರಾಧಿಗಳು ನಾವೇ. ಹಾಗೆಂದು ಜೀವಭಯದಲ್ಲಿರುವವನು ಏಟುಗಳನ್ನು ಅಳೆದು ತೂಗಿ ಕೊಡಬೇಕೆಂದು ನ್ಯಾಯಾಲಯ ಬಯಸುವುದಿಲ್ಲ. 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ, ತಂದೆಯ ಮೇಲೆ ಹಲ್ಲೆಯಾದಾಗ ಗುಂಡು ಹಾರಿಸಿದವನನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು.

ಬಂದೂಕಿನ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು. ಅರ್ಜಿ ಹಾಕಿದವರಿಗೆಲ್ಲ ಅದು ಸಿಗುವುದಿಲ್ಲ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ತಲೆಮಾರುಗಳಿಂದ ಬಂದ ಶಿಸ್ತು ಅದರ ಜೊತೆಗಿದೆ. ಅದನ್ನು ನಮ್ಮ ಎರಡು ಬೆಡ್‌ರೂಮಿನ ಫ್ಲಾಟಿಗೆ ತರುವುದು ಹೇಗೆ? ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿ ಬೀಗ ಹಾಕಿಟ್ಟ ಪಿಸ್ತೂಲು ಕಳ್ಳ ಬಂದಾಗ ಕೈಗೆ ಸಿಗದು; ದಿಂಬಿನಡಿ ಇಟ್ಟದ್ದು ಮಗುವಿನ ಕೈಗೂ ಸಿಕ್ಕೀತು.

ಬಂದೂಕು ಸುಲಭವಾಗಿ ಕೊಡದ ಸರ್ಕಾರ, 112ಕ್ಕೆ ಕರೆ ಮಾಡಿದವರ ಬಾಗಿಲಿಗೆ ಬೇಗ ಬರುವ ಹೊಣೆಯನ್ನೂ ಹೊತ್ತುಕೊಂಡಿದೆ. ನಾವು ಗಟ್ಟಿಯಾಗಿ ಕೇಳಬೇಕಾದದ್ದು ಅದನ್ನು. ಅಲ್ಲಿಯವರೆಗೆ ಭದ್ರವಾದ ಬಾಗಿಲು, ಕೂಗಿದರೆ ಓಡಿಬರುವ ನೆರೆಯವರು, ಕೈಗೆ ಸಿಗುವ ಒಂದು ದೊಣ್ಣೆ - ಅದನ್ನು ಎತ್ತುವ ಹಕ್ಕು ನಿಮಗಿದೆ, ಮರೆಯಬೇಡಿ.