ಮೊಲದ ವೇಷ, ಕೈಯಲ್ಲಿ ಕೊಡಲಿ: ಒಂದು ಭೂತದ ಸೇತುವೆಯ ಲೆಕ್ಕ ತಪಾಸಣೆ

ಇವತ್ತಿನದು ದೆವ್ವದ ಎಪಿಸೋಡೇ. ಆದ್ರೆ ಮೊದಲು ಒಂದು ತಪ್ಪೊಪ್ಪಿಗೆ.

ಹೋದ ವರ್ಷ ಇದೇ ಜಾಗದಲ್ಲಿ ಅಮೆರಿಕದ 'ಬನ್ನಿ ಮ್ಯಾನ್ ಸೇತುವೆ' ಕಥೆ ಹೇಳಿದ್ದೆ. ನಾನು ಮಾಡಿದ ಎಪಿಸೋಡುಗಳಲ್ಲೇ ಅತಿ ಹೆಚ್ಚು ಜನ ಕೇಳಿದ್ದು ಅದನ್ನೇ. ಕೊನೆಗೆ ದನಿ ತಗ್ಗಿಸಿ "ಇದು ನಿಜವಾಗಿ ನಡೆದ ಘಟನೆ" ಅಂತಾನೂ ಹೇಳಿದ್ದೆ. ಮೂರು ವಾರ ಆದ್ಮೇಲೆ ಒಬ್ಬ ಪಿಯುಸಿ ಹುಡುಗನ ಮೆಸೇಜ್ ಬಂತು. "ಅಕ್ಕಾ, ನಿಮ್ಮ ಎಪಿಸೋಡ್ ಕೇಳಿ ನಾವು ನಾಲ್ಕು ಜನ ರಾತ್ರಿ ನಮ್ಮೂರ ರೈಲ್ವೆ ಸೇತುವೆ ಮೇಲೆ ಹೋಗಿದ್ವಿ. ರೀಲ್ಸ್ ಮಾಡ್ತಾ ಇದ್ವಿ. ಟ್ರೈನ್ ಬಂತು. ಓಡಿ ತಪ್ಪಿಸ್ಕೊಂಡ್ವಿ. ಒಬ್ಬನ ಫೋನ್ ಹೋಯ್ತು ಅಷ್ಟೆ." ಜೊತೆಗೆ ಎರಡು ನಗೋ ಇಮೋಜಿ.

ನನಗೆ ನಗು ಬರಲಿಲ್ಲ. 'ಅಷ್ಟೆ' ಅನ್ನೋ ಆ ಒಂದು ಪದ ಅವತ್ತು ರಾತ್ರಿ ನಿದ್ದೆ ಮಾಡೋಕೆ ಬಿಡಲಿಲ್ಲ. ನಾನು ಓದಿದ್ದು ಬಿಕಾಂ. ಆಡಿಟಿಂಗ್ ಪೇಪರಲ್ಲಿ ನಮಗೆ ಮೊದಲು ಕಲಿಸಿದ ಪಾಠ ವೌಚಿಂಗ್. ಪುಸ್ತಕದಲ್ಲಿ ಒಂದು ಎಂಟ್ರಿ ಇದ್ರೆ ಅದಕ್ಕೊಂದು ವೌಚರ್ ಇರಬೇಕು. ಬಿಲ್ಲೋ, ರಸೀದಿಯೋ, ಏನೋ ಒಂದು. ಲಕ್ಷಾಂತರ ರೂಪಾಯಿಯ ಎಂಟ್ರಿ ಎಷ್ಟೇ ಚೆನ್ನಾಗಿ ಬರೆದಿದ್ರೂ ವೌಚರ್ ಇಲ್ಲ ಅಂದ್ರೆ ಆಡಿಟರ್ ಒಪ್ಪಲ್ಲ. ಆ ಕೆಲಸವನ್ನ ನಾನು ನನ್ನ ಕಥೆಗೆ ಮಾಡಿರಲಿಲ್ಲ. ಈಗ ಮಾಡಿದ್ದೀನಿ.

ನಾನು ಹೇಳಿದ್ದ ಕಥೆ

ಮೊದಲು ಜಾಗ ಯಾವುದು ಅಂತ ನೋಡೋಣ. ಅಮೆರಿಕದ ವರ್ಜೀನಿಯಾ ರಾಜ್ಯ, ಫೇರ್‌ಫ್ಯಾಕ್ಸ್ ಕೌಂಟಿ. ರಾಜಧಾನಿ ವಾಷಿಂಗ್ಟನ್ನಿಗೆ ಹತ್ತಿರವೇ. ಅಲ್ಲಿ ಕ್ಲಿಫ್ಟನ್ ಅನ್ನೋ ಪುಟ್ಟ ಊರಿನ ಬಳಿ, ಮರಗಳ ನಡುವೆ ಕಾಲ್ಚೆಸ್ಟರ್ ರಸ್ತೆ ಹೋಗತ್ತೆ. ಸೇತುವೆ ಅಂದ ತಕ್ಷಣ ನದಿ ನೆನಪಿಸ್ಕೋಬೇಡಿ. ಮೇಲೆ ರೈಲು ಹಳಿ, ಕೆಳಗೆ ಒಂದೇ ಒಂದು ಕಾರು ಹಿಡಿಸೋ ಕಾಂಕ್ರೀಟ್ ಸುರಂಗ. ನಮ್ಮ ಕಡೆ ಅಂಡರ್‌ಪಾಸ್ ಅಂತೀವಲ್ಲ, ಅದೇ.

ಕಥೆ ಹೀಗಿದೆ. 1904ರಲ್ಲಿ ಕ್ಲಿಫ್ಟನ್ ಹತ್ತಿರ ಮಾನಸಿಕ ರೋಗಿಗಳಾದ ಕೈದಿಗಳನ್ನ ಇಡೋ ಒಂದು ಆಸ್ಪತ್ರೆ ಇತ್ತಂತೆ. ಊರವರು ಅರ್ಜಿ ಕೊಟ್ಟು ಅದನ್ನ ಮುಚ್ಚಿಸಿದ್ರು. ಕೈದಿಗಳನ್ನ ಬೇರೆ ಕಡೆ ಸಾಗಿಸುವಾಗ ಗಾಡಿ ಉರುಳಿ ಕೆಲವರು ಕಾಡಿಗೆ ಓಡಿಹೋದ್ರು. ಆಮೇಲೆ ಎಲ್ಲರೂ ಸಿಕ್ಕಿಬಿದ್ರು, ಒಬ್ಬನ್ನ ಬಿಟ್ಟು. ಅವನ ಹೆಸರು ಡಗ್ಲಸ್ ಗ್ರಿಫನ್, ಈಸ್ಟರ್ ಹಬ್ಬದ ದಿನ ಹೆಂಡತಿ ಮಕ್ಕಳನ್ನೇ ಕೊಂದವನು. ಕಾಡಲ್ಲಿ ಅರ್ಧ ತಿಂದ ಮೊಲಗಳು ಮರದಲ್ಲಿ ನೇತಾಡ್ತಾ ಕಾಣಿಸಿದ್ವು. ಕೊನೆಗೆ ಅವನು ಅದೇ ಹಳಿ ಮೇಲೆ ರೈಲಿಗೆ ಸಿಕ್ಕಿ ಸತ್ತ. ಅಂದಿನಿಂದ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಆ ಸೇತುವೆ ಹತ್ತಿರ ಹೋದವರು ಬೆಳಿಗ್ಗೆ ಅಲ್ಲೇ ನೇತಾಡ್ತಾ ಇರ್ತಾರೆ.

ಇಸವಿ ಇದೆ, ಹೆಸರಿದೆ, ಊರಿದೆ. ಕೇಳೋಕೆ ಪಕ್ಕಾ ಅನ್ನಿಸತ್ತೆ. ನನಗೂ ಹಾಗೇ ಅನ್ನಿಸಿತ್ತು.

ವೌಚರ್ ಎಲ್ಲಿ?

ಈ ಲೆಕ್ಕವನ್ನ ನನಗಿಂತ ಎಷ್ಟೋ ಮೊದಲೇ ಒಬ್ಬರು ತಪಾಸಣೆ ಮಾಡಿದ್ದಾರೆ. ಬ್ರಯಾನ್ ಕಾನ್ಲಿ ಅಂತ, ಫೇರ್‌ಫ್ಯಾಕ್ಸ್ ಕೌಂಟಿ ಸಾರ್ವಜನಿಕ ಗ್ರಂಥಾಲಯದಲ್ಲಿ ಇತಿಹಾಸ ಮತ್ತು ದಾಖಲೆಗಳ ವಿಭಾಗದಲ್ಲಿ ಕೆಲಸ ಮಾಡಿದವರು. ಜನ ಬಂದು ಬಂದು ಈ ಕಥೆ ಬಗ್ಗೆ ಕೇಳ್ತಾ ಇದ್ರು. ಅವರು ಒಂದೊಂದೇ ಎಂಟ್ರಿ ತೆಗೆದು ನೋಡಿದ್ರು.

ಆಸ್ಪತ್ರೆ? ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಅಂಥ ಮಾನಸಿಕ ಆಸ್ಪತ್ರೆ ಯಾವತ್ತೂ ಇರಲೇ ಇಲ್ಲ. ಲಾರ್ಟನ್ ಅನ್ನೋ ಕಡೆ ಒಂದು ದೊಡ್ಡ ಜೈಲು ಬಂತು, ನಿಜ. ಆದ್ರೆ ಅದು ಶುರುವಾಗಿದ್ದು 1910ರಲ್ಲಿ, ಅದೂ ವಾಷಿಂಗ್ಟನ್ ಆಡಳಿತದ ಜೈಲು. ಡಗ್ಲಸ್ ಗ್ರಿಫನ್? ಕೋರ್ಟ್ ದಾಖಲೆಗಳಲ್ಲಿ ಆ ಹೆಸರಿಲ್ಲ. ಇನ್ನು ಸೇತುವೆ ಕಟ್ಟಿದ್ದೇ ಸುಮಾರು 1906ರಲ್ಲಿ. ಅಂದ್ರೆ 1904ರ ದೆವ್ವಕ್ಕೆ ವಾಸ ಮಾಡೋಕೆ ಮನೆಯೇ ಇರಲಿಲ್ಲ!

ಎಲ್ಲಕ್ಕಿಂತ ಮಜಾ ಏನು ಗೊತ್ತಾ? ಈ 1904ರ ಕಥೆ ಇಂಟರ್ನೆಟ್ಟಲ್ಲಿ ಕಾಣಿಸಿಕೊಂಡಿದ್ದು 1999ರಲ್ಲಿ, ದೆವ್ವದ ಕಥೆಗಳನ್ನ ಹಾಕೋ ಒಂದು ತಾಣದಲ್ಲಿ. ಬರೆದವರು ಇದಕ್ಕೆಲ್ಲ ದಾಖಲೆ ಕ್ಲಿಫ್ಟನ್ ಊರಿನ ಲೈಬ್ರರಿಯಲ್ಲಿದೆ ಅಂತಾನೂ ಹೇಳಿದ್ರು. ಕ್ಲಿಫ್ಟನ್‌ನಲ್ಲಿ ಅಂಥ ಊರ ಲೈಬ್ರರಿಯೇ ಇಲ್ಲ. ನಕಲಿ ಬಿಲ್ಲಿಗೆ ಇಲ್ಲದ ಅಂಗಡಿಯ ವಿಳಾಸ ಹಾಕೋದು ಅಂತಾರಲ್ಲ, ಹಾಗೆ. ನಾನೂ ಹೋಗಿ ನೋಡಲಿಲ್ಲ, ನೀವೂ ನೋಡಲ್ಲ ಅನ್ನೋ ಧೈರ್ಯ.

ಹಾಗಾದ್ರೆ ಬರೀ ಸುಳ್ಳಾ?

ಇಲ್ಲಿಗೇ ಮುಗಿದಿದ್ರೆ 'ಎಲ್ಲ ಬೊಗಳೆ' ಅಂತ ಹೇಳಿ ಎದ್ದು ಹೋಗಬಹುದಿತ್ತು. ಆದ್ರೆ ಕಾನ್ಲಿ ಹುಡುಕ್ತಾ ಹೋದಾಗ ಒಂದು ನಿಜವಾದ ವೌಚರ್ ಸಿಕ್ತು. ಅದು 1904ರದ್ದಲ್ಲ, 1970ರದ್ದು.

1970ರ ಅಕ್ಟೋಬರ್ 19, ನಡುರಾತ್ರಿ ಹೊತ್ತು. ಫೇರ್‌ಫ್ಯಾಕ್ಸ್ ಕೌಂಟಿಯ ಬರ್ಕ್ ಪ್ರದೇಶದ ಗಿನಿ ರಸ್ತೆ. ಸೇನಾ ಅಕಾಡೆಮಿಯ ಒಬ್ಬ ಯುವಕ, ಅವನ ಜೊತೆ ಮದುವೆ ನಿಶ್ಚಯವಾಗಿದ್ದ ಹುಡುಗಿ, ಇಬ್ಬರೂ ನಿಲ್ಲಿಸಿದ ಕಾರಲ್ಲಿ ಕೂತಿದ್ರು. ಹೊರಗೆ ಏನೋ ಅಲುಗಾಡಿದ ಹಾಗಾಯ್ತು. ಮರುಕ್ಷಣ ಕಿಟಕಿ ಗಾಜು ಒಡೆದು ಚೂರಾಯ್ತು. ಬಿಳಿ ಬಟ್ಟೆ ಹಾಕಿದ್ದ ಒಬ್ಬ, ಇದು ಖಾಸಗಿ ಜಾಗ, ನಿಮ್ಮ ಗಾಡಿ ನಂಬರ್ ಬರ್ಕೊಂಡಿದ್ದೀನಿ ಅಂತ ಕಿರುಚಿದ. ಯುವಕ ಗಾಡಿ ಓಡಿಸಿಕೊಂಡು ಬಂದ. ಆಮೇಲೆ ನೋಡಿದ್ರೆ ಕಾರಿನೊಳಗೆ ಕೈಕೊಡಲಿ ಬಿದ್ದಿತ್ತು.

ಯುವಕ ಪೊಲೀಸರಿಗೆ ಹೇಳಿದ್ದು: ಅವನು ಮೊಲದ ವೇಷ ಹಾಕಿದ್ದ, ಉದ್ದ ಕಿವಿ ಇದ್ವು. ಹುಡುಗಿ ಹೇಳಿದ್ದು ಬೇರೆ: ತಲೆ ಮೇಲೆ ಚೂಪಾದ ಬಿಳಿ ಮುಸುಕು ಇತ್ತು. ಒಂದೇ ಕಾರು, ಒಂದೇ ಕ್ಷಣ, ಎರಡು ನೆನಪು. ಮುಸುಕನ್ನ ಜನ ಮರೆತ್ರು, ಮೊಲ ಉಳೀತು.

ಹತ್ತು ದಿನ ಬಿಟ್ಟು, ಅಕ್ಟೋಬರ್ 29ರಂದು, ಅದೇ ಗಿನಿ ರಸ್ತೆ ಆಸುಪಾಸಿನ ಕಿಂಗ್ಸ್ ಪಾರ್ಕ್ ವೆಸ್ಟ್ ಬಡಾವಣೆಯಲ್ಲಿ ಇನ್ನೊಂದು. ಕಟ್ತಾ ಇದ್ದ ಒಂದು ಮನೆಯ ಜಗಲಿ ಕಂಬವನ್ನ ಮೊಲದ ವೇಷದವನೊಬ್ಬ ಕೊಡಲಿಯಲ್ಲಿ ಕಡೀತಾ ಇದ್ದದ್ದನ್ನ ಕಾವಲುಗಾರ ನೋಡಿದ. ನೀವೆಲ್ಲ ಇಲ್ಲಿ ಅತಿಕ್ರಮ ಮಾಡ್ತಾ ಇದ್ದೀರಿ, ಹೋಗದಿದ್ರೆ ತಲೆ ಒಡೀತೀನಿ ಅಂತ ಬೆದರಿಸಿ ಅವನು ಕಾಡಿಗೆ ಓಡಿದ. ಪತ್ರಿಕೆಗಳಲ್ಲಿ ಸುದ್ದಿ ಬಂತು. ನಾನೂ ನೋಡಿದೆ ಅಂತ 50ಕ್ಕೂ ಹೆಚ್ಚು ಜನ ಪೊಲೀಸರಿಗೆ ತಿಳಿಸಿದ್ರು. ಯಾರೂ ಸಿಕ್ಕಲಿಲ್ಲ, ಕೇಸು ಮುಚ್ಚಿಹೋಯ್ತು. ಯಾರೂ ಸತ್ತಿರಲಿಲ್ಲ.

ಎರಡೂ ಸಲ ಅವನು ಮಾತಾಡಿದ್ದು ಏನು ಅಂತ ಗಮನಿಸಿ. ಜಾಗ. ನನ್ನ ಜಾಗ, ನಿಮ್ಮ ಅತಿಕ್ರಮ. ಆಗ ಅಲ್ಲಿ ಕಾಡು, ಹೊಲ ಎಲ್ಲ ಲೇಔಟ್ ಆಗ್ತಾ ಇದ್ದ ಕಾಲ. ಅವನ ಮನಸ್ಸಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ, ಆದ್ರೆ ಆಡಿದ ಮಾತು ಮಾತ್ರ ದಾಖಲೆಯಲ್ಲಿದೆ. ಕಥೆ ಬಾಯಿಂದ ಬಾಯಿಗೆ ಹೋಗ್ತಾ ಆ ಮಾತೇ ಬಿದ್ದುಹೋಯ್ತು. ಕೊಡಲಿ ಉಳೀತು, ಕಿವಿ ಉಳೀತು. ಖಾಲಿಯಾದ ಜಾಗಕ್ಕೆ 'ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವನು' ಬಂದು ಕೂತ. ಮಾನಸಿಕ ಕಾಯಿಲೆ ಇರೋರನ್ನ ಕೊಲೆಗಾರರು ಮಾಡೋದು ಕಥೆಗಾರರಿಗೆ ಯಾವಾಗ್ಲೂ ಸುಲಭ. ನಾನೂ ಅದನ್ನೇ ಮಾಡಿದ್ದೆ. ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಅಂಥ ಕಾಯಿಲೆ ಇದ್ದವರಿದ್ರೆ ಆ ಎಪಿಸೋಡ್ ಕೇಳಿ ಹೇಗನ್ನಿಸಿರಬಹುದು? ಕ್ಷಮೆ ಇರಲಿ.

ಕಥೆ ಸೇತುವೆಗೆ ಬಂದದ್ದು ಹೇಗೆ?

ಗಿನಿ ರಸ್ತೆ ಒಂದು ಕಡೆ, ಸೇತುವೆ ಮೈಲುಗಟ್ಟಲೆ ಆಚೆ. 1973ರಲ್ಲಿ, ಅಂದ್ರೆ ಮೂರೇ ವರ್ಷದಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಈ ಕಥೆಯ 54 ರೂಪಗಳನ್ನ ಕಲೆಹಾಕಿ ಪ್ರಬಂಧ ಬರೆದಿದ್ರು. ವಾಟ್ಸಾಪ್ ಇಲ್ಲದ ಕಾಲದಲ್ಲಿ 54!

ಕಥೆಗೆ ಒಂದು ಜಾಗ ಬೇಕು. ಮನೆ ಆದ್ರೆ ಅಲ್ಲಿ ಯಾರೋ ವಾಸ ಇರ್ತಾರೆ, ಬೈದು ಓಡಿಸ್ತಾರೆ. ಸೇತುವೆ ಯಾರ ಮನೆಯೂ ಅಲ್ಲ. ಊರಾಚೆ ಇರತ್ತೆ, ದೀಪ ಇರಲ್ಲ. ಸುರಂಗದಲ್ಲಿ ನಮ್ಮ ಹೆಜ್ಜೆ ಸದ್ದೇ ಹಿಂದಿನಿಂದ ಯಾರೋ ಬಂದ ಹಾಗೆ ಕೇಳಿಸತ್ತೆ. ಮೇಲೆ ರೈಲು ಹೋದ್ರೆ ಗೋಡೆ ನಡುಗತ್ತೆ. ಭಯಕ್ಕೆ ಬೇಕಾದ ಸಾಮಾನೆಲ್ಲ ಅಲ್ಲೇ ರೆಡಿ. ಹೀಗೆ ಕಥೆ ಕೇಳಿ, ಗುಂಪು ಕಟ್ಟಿಕೊಂಡು ರಾತ್ರಿ ಆ ಜಾಗಕ್ಕೇ ಹೋಗೋದನ್ನ ಜಾನಪದ ತಜ್ಞರು 'ಲೆಜೆಂಡ್ ಟ್ರಿಪ್ಪಿಂಗ್' ಅಂತಾರೆ. 2011ರ ಹ್ಯಾಲೋವೀನ್ ಹೊತ್ತಿಗೆ ಪೊಲೀಸರು ಕಾಲ್ಚೆಸ್ಟರ್ ರಸ್ತೆಯಲ್ಲಿ 14 ಗಂಟೆ ತಪಾಸಣೆ ನಡೆಸಿ 200ಕ್ಕೂ ಹೆಚ್ಚು ಜನರನ್ನ ವಾಪಸ್ ಕಳಿಸಬೇಕಾಯ್ತು.

ದೆವ್ವ ಕೊಲ್ಲಲಿಲ್ಲ, ರೈಲು ಕೊಂದಿತು

ಕಾಲ್ಚೆಸ್ಟರ್‌ನಲ್ಲಿ ಜನ ನಿಲ್ಲೋದು ಹಳಿಯ ಕೆಳಗೆ. ಹಳಿಯ ಮೇಲೆ ಹತ್ತಿಸೋ ಕಥೆ ಇನ್ನೊಂದಿದೆ. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಅಂಚಿಗೆ ಪೋಪ್ ಲಿಕ್ ಅನ್ನೋ ಹಳ್ಳ, ಅದರ ಮೇಲೆ ಕಬ್ಬಿಣದ ಕಂಬಗಳ ಮೇಲೆ ನಿಂತ ರೈಲು ಸೇತುವೆ. ಸುಮಾರು 90 ಅಡಿ ಎತ್ತರ, 700 ಅಡಿಗೂ ಹೆಚ್ಚು ಉದ್ದ. ಅಲ್ಲಿ ಅರ್ಧ ಮನುಷ್ಯ, ಅರ್ಧ ಮೇಕೆಯಾದ ಒಂದು ಪ್ರಾಣಿ ಇದೆಯಂತೆ, ಜನರನ್ನ ಮರುಳು ಮಾಡಿ ಹಳಿ ಮೇಲೆ ಕರೆಸಿಕೊಳ್ಳತ್ತಂತೆ.

ಹಳೇ ಸೇತುವೆ, ತುಕ್ಕು ಹಿಡಿದಿದೆ, ರೈಲು ಎಲ್ಲಿ ಬರತ್ತೆ ಅಂತ ಜನ ಅಂದ್ಕೋತಾರೆ. ರೈಲು ದಿನಾ ಓಡಾಡತ್ತೆ. 2016ರಲ್ಲಿ ಓಹಾಯೋದಿಂದ ಈ ಪ್ರಾಣಿಯನ್ನ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವತಿಗೆ ಅಲ್ಲಿ ರೈಲು ಬಡಿದು ಸಾವಾಯ್ತು. ಜೊತೆಗಿದ್ದವನು ಅಂಚು ಹಿಡಿದು ನೇತಾಡಿ ಬದುಕಿದ. 2019ರಲ್ಲಿ 15 ವರ್ಷದ ಹುಡುಗಿಯೊಬ್ಬಳು ಅದೇ ಸೇತುವೆ ಮೇಲೆ ರೈಲಿಗೆ ಸಿಕ್ಕಿ ಸತ್ತಳು. ಅದಕ್ಕೂ ಮೊದಲು ಸತ್ತವರಿದ್ದಾರೆ. ಬೇಲಿ ಹಾಕಿದ್ದಾರೆ, ಬೋರ್ಡ್ ಹಾಕಿದ್ದಾರೆ. ಆದ್ರೂ ಕಥೆ ಬೇಲಿ ಹಾರಿಸತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ, ಪ್ರತಿ ಸಾವೂ ಮತ್ತೆ ಕಥೆಗೇ ಜಮೆ ಆಗತ್ತೆ: "ನೋಡಿದ್ರಾ, ಇನ್ನೊಬ್ಬರನ್ನ ತಗೊಂಡ್ತು."

ಓಡಿ ಪಾರಾಗಬಹುದು ಅಂತ ಅನ್ನಿಸತ್ತೆ. ಆದ್ರೆ ಗೂಡ್ಸ್ ರೈಲು ಬ್ರೇಕ್ ಹಾಕಿದ್ರೆ ಪೂರ್ತಿ ನಿಲ್ಲೋಕೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕಾಗಬಹುದು. ಸೇತುವೆ ಮೇಲೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ. ನಮ್ಮಲ್ಲೂ ಅಷ್ಟೇ. ಅನುಮತಿ ಇಲ್ಲದೆ ಹಳಿ ಮೇಲೆ ಹೋಗೋದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆದ್ರೆ ಕೇಸು ಬೀಳೋದು ಬದುಕಿ ಬಂದವರ ಮೇಲೆ ಮಾತ್ರ.

ಮುಂದಿನ ಸಲ ಕಥೆ ಕೇಳಿದಾಗ

ದೆವ್ವದ ಕಥೆ ಕೇಳಬೇಡಿ ಅಂತ ನಾನು ಹೇಳಲ್ಲ. ಹೇಳಿದ್ರೆ ನನ್ನ ಹೊಟ್ಟೆಪಾಡು ಏನಾಗಬೇಕು! ಕರೆಂಟ್ ಹೋದ ರಾತ್ರಿ ಅಜ್ಜಿ ಹೇಳಿದ ಕಥೆ ಕೇಳೇ ನಾನೂ ಈ ಕೆಲಸಕ್ಕೆ ಬಂದದ್ದು. ಆದ್ರೆ ಯಾರಾದ್ರೂ "ಇದು ನಿಜ" ಅಂದಾಗ ಮೂರು ಪ್ರಶ್ನೆ ಕೇಳಿ. ಒಂದು, ನೋಡಿದ್ದು ಯಾರು? 'ನಮ್ಮ ಅತ್ತಿಗೆ ತಮ್ಮನ ಫ್ರೆಂಡ್' ಅಂದ್ರೆ ಅದು ಉತ್ತರ ಅಲ್ಲ. ಎರಡು, ಇಸವಿ, ಹೆಸರು, ಊರು ಹೇಳಿದ್ದಾರಾ? ಹೇಳಿದ್ರೆ ಅದು ಸಾಕ್ಷಿ ಅಲ್ಲ, ಪರೀಕ್ಷೆ ಮಾಡಬೇಕಾದ ಎಂಟ್ರಿ. ಮೂರು, ಆ ಘಟನೆ ಬಗ್ಗೆ ಆ ಕಾಲದ್ದೇ ಪತ್ರಿಕೆ, ದಾಖಲೆ ಏನಾದ್ರೂ ಇದೆಯಾ, ಇಲ್ಲಾ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಬರೆದದ್ದಾ?

ಹಳೇ ಎಪಿಸೋಡನ್ನ ತೆಗೆದುಬಿಡಬಹುದಿತ್ತು. ಆದ್ರೆ ತಪ್ಪು ಎಂಟ್ರಿಯನ್ನ ಅಳಿಸಬಾರದು, ತಿದ್ದುಪಡಿ ಎಂಟ್ರಿ ಹಾಕಬೇಕು ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಹಾಗಾಗಿ ಅದರ ಶುರುವಲ್ಲೇ ಈ ತಿದ್ದುಪಡಿಯನ್ನ ರೆಕಾರ್ಡ್ ಮಾಡಿ ಸೇರಿಸಿದ್ದೀನಿ.

ಆ ಹುಡುಗನಿಗೂ ಉತ್ತರ ಬರೆದೆ. "ತಮ್ಮಾ, ಫೋನ್ ಹೋದ್ರೆ ಹೋಗ್ಲಿ. ಇನ್ನೊಂದ್ಸಲ ಆ ಕಡೆ ಹೋಗಬೇಡ. ನಿಮ್ಮೂರ ಸೇತುವೆ ಕಥೆ ಏನು, ಮೊದಲು ಯಾರು ಹೇಳಿದ್ರು, ಯಾವಾಗಿನಿಂದ ಹೇಳ್ತಾರೆ ಅಂತ ಊರಲ್ಲಿ ದೊಡ್ಡವರನ್ನ ಕೇಳಿ, ರೆಕಾರ್ಡ್ ಮಾಡಿ ಕಳ್ಸು." ಮೊನ್ನೆ ಕಳಿಸಿದ್ದಾನೆ. ಅವರ ತಾತನ ದನಿ, ಹನ್ನೊಂದು ನಿಮಿಷ, ಹಿಂದೆ ಕೋಳಿ ಕೂಗೋದೂ ಕೇಳಿಸತ್ತೆ. ಮುಂದಿನ ವಾರ ಅದನ್ನೇ ಕೇಳೋಣ. ನಿಮ್ಮೂರಲ್ಲೂ ಅಂಥ ಕಥೆ ಇದ್ರೆ ಹೀಗೇ ಕಳಿಸಿ. ಮನೆ ಜಗಲಿ ಮೇಲೆ ಕೂತು ರೆಕಾರ್ಡ್ ಮಾಡಿ. ಸಿಗೋಣ.