ಮೊದಲು ಗುಂಡು, ಆಮೇಲೆ ನಳಿಗೆ: ಬೇಟೆ ರೈಫಲ್‌ಗೆ ಹೊಸ ಬ್ಯಾರೆಲ್ ಆರಿಸೋದು

ಪುಣೆಯಲ್ಲಿ ಕೂತು ಕೋಡ್ ಬರೆಯೋನು ಇವತ್ತು ಬಂದೂಕಿನ ಬಗ್ಗೆ ಯಾಕೆ ಮಾತಾಡ್ತಿದಾನೆ ಅಂತ ಅನ್ನಿಸಬಹುದು. ಎಂಟೆಕ್‌ನಲ್ಲಿ ನಾನು ಓದಿದ್ದು ಮೆಷಿನ್ ಡಿಸೈನ್, ಅನ್ನ ಹಾಕ್ತಿರೋದು ಜಾವಾ. ನಿಮ್ಮಲ್ಲಿ ಅರ್ಧ ಜನರ ಕಥೆಯೂ ಇದೇ ಬಿಡಿ. ಆಗಿನ ನನ್ನ ರೂಮ್‌ಮೇಟ್, ಮೂಡಿಗೆರೆ ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದಾನೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಸೀಸನ್ ಬಂದಾಗ ಜಿಂಕೆ ಬೇಟೆಗೆ ಹೋಗ್ತಾನೆ. ಒಂದು ರಾತ್ರಿ ಫೋನ್ ಮಾಡಿದ. "ಮಾರಾಯ, ನನ್ನ ರೈಫಲ್‌ನ ಬ್ಯಾರೆಲ್ ಸವೆದಿದೆ ಅಂತಾರೆ. ಹೊಸದು ಹಾಕ್ಸೋಣ ಅಂದ್ರೆ ಆಪ್ಷನ್ ನೋಡಿಯೇ ತಲೆ ತಿರುಗ್ತಿದೆ. ನೀನು ಮೆಕ್ಯಾನಿಕಲ್ ಅಲ್ವಾ, ಸ್ವಲ್ಪ ನೋಡು."

ಅವನದು ಸೆಕೆಂಡ್ ಹ್ಯಾಂಡ್ ವಿಂಚೆಸ್ಟರ್ ಮಾಡೆಲ್ 70, ಕ್ಯಾಲಿಬರ್ .243 ವಿಂಚೆಸ್ಟರ್. ಬೋಲ್ಟ್-ಆಕ್ಷನ್ ರೈಫಲ್, ಅಂದ್ರೆ ಪ್ರತಿ ಈಡಿಗೂ ಹಿಡಿ ಎತ್ತಿ, ಹಿಂದೆ ಎಳೆದು, ಮುಂದೆ ತಳ್ಳಬೇಕು. 100 ಗಜದಲ್ಲಿ ಒಂದು ಇಂಚಿನೊಳಗೆ ಗುಂಪಾಗಿ ಬೀಳ್ತಿದ್ದ ಗುಂಡುಗಳು ಈಗ ನಾಲ್ಕು ಇಂಚು ಹರಡ್ತಿವೆ. ಗುರಿ ತಪ್ಪಿದ್ರೆ ಜಿಂಕೆ ಸಾಯಲ್ಲ, ಗಾಯ ಮಾಡಿಕೊಂಡು ಕಾಡಲ್ಲಿ ಎರಡು ದಿನ ನರಳುತ್ತೆ. ಅದಕ್ಕೇ ಅವನು ಆ ವರ್ಷ ಬೇಟೆಗೇ ಹೋಗಿರಲಿಲ್ಲ.

ನಾನು ಮೊದಲು ಹೇಳಿದ್ದು, ಪ್ರೊಡಕ್ಷನ್ ಇಶ್ಯೂ ಬಂದ ತಕ್ಷಣ ಸರ್ವರ್ ಬದಲಾಯಿಸ್ತೀವಾ? ಮೊದಲು ಲಾಗ್ ನೋಡು. ಸ್ಕೋಪಿನ ಸ್ಕ್ರೂ ಸಡಿಲ ಆಗಿರಬಹುದು. ಮರದ ಹಿಡಿಗೆ ಬಿಗಿದಿರೋ ಬೋಲ್ಟ್ ಸಡಿಲ ಇರಬಹುದು. ಒಳಗೆ ತಾಮ್ರ ಮೆತ್ತಿಕೊಂಡಿರಬಹುದು. ನಳಿಗೆಯ ತುದಿಗೆ ಪೆಟ್ಟು ಬಿದ್ದಿರಬಹುದು. ಇದೆಲ್ಲ ನೋಡಿ, ಸ್ವಚ್ಛ ಮಾಡಿ, ಬೇರೆ ಸ್ಕೋಪ್ ಹಾಕಿ ಹೊಡೆದ. ಏನೂ ಬದಲಾಗಲಿಲ್ಲ. ಕೊನೆಗೆ ಬೋರ್‌ಸ್ಕೋಪ್ ಇಳಿಸಿದಾಗ, ತೋಟಾ ಕೂರೋ ಜಾಗದ ಮುಂದೆ ಉಕ್ಕಿನ ಮೈ ಬೇಸಿಗೆಯಲ್ಲಿ ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು.

ಇದು .243ಗೆ ಸಹಜ. 1955ರಲ್ಲಿ ಬಂದ ಈ ತೋಟಾ ಮೂಲತಃ .308ರ ಕವಚ, ಕುತ್ತಿಗೆ ಮಾತ್ರ ಸಣ್ಣದು. ಹೆಚ್ಚುಕಮ್ಮಿ ಅಷ್ಟೇ ಮದ್ದಿನ ಬೆಂಕಿ ಇನ್ನೂ ಕಿರಿದಾದ ತೂತಿನಲ್ಲಿ ಹೊರಗೆ ಹೋಗಬೇಕು. ಅದಕ್ಕೇ .308 ನಳಿಗೆಗಿಂತ ಇದು ಬೇಗ ಸವೆಯುತ್ತೆ.

ಸರಿ, ಬ್ಯಾರೆಲ್ ಬದಲಾಯಿಸಲೇಬೇಕು. ಎಲ್ಲರೂ ಶುರು ಮಾಡೋದು ಬ್ರ್ಯಾಂಡ್‌ನಿಂದ. ಸ್ಟೇನ್‌ಲೆಸ್ಸಾ, ಕ್ರೋಮ್-ಮಾಲಿಯಾ, ಕಾರ್ಬನ್ ಫೈಬರ್ ಸುತ್ತಿದ್ದಾ ಅಂತ ಚರ್ಚೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಗುಂಡು ಹೊಡಿತೀಯಾ?

ನಮ್ಮ ಮಲೆನಾಡಿನ ಮನೆಗಳಲ್ಲಿ ಇರ್ತಿದ್ದ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಒಳಮೈ ನುಣುಪು. ಚರೆ ಹೊಡೆಯೋಕೆ ಅದು ಸಾಕು. ರೈಫಲ್‌ನ ಒಳಗೆ ಸುರುಳಿಯಾಗಿ ಗೀರು ಕೊರೆದಿರ್ತಾರೆ, ಗುಂಡು ಬುಗುರಿ ಹಾಗೆ ತಿರುಗ್ತಾ ಹೋಗುತ್ತೆ. ತಿರುಗದಿದ್ರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತೆ. ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಅನ್ನೋದೇ ಟ್ವಿಸ್ಟ್. 1:10 ಅಂದ್ರೆ 10 ಇಂಚಿಗೆ ಒಂದು ಸುತ್ತು. 1:8 ಇನ್ನೂ ಬಿಗಿ ಸುರುಳಿ. ಗುಂಡು ಉದ್ದ ಆದಷ್ಟೂ ಬಿಗಿ ಸುರುಳಿ ಬೇಕು. ಗಮನಿಸಿ, ತೂಕ ಅಲ್ಲ, ಉದ್ದ.

1879ರಲ್ಲೇ ಗ್ರೀನ್‌ಹಿಲ್ ಅನ್ನೋ ಬ್ರಿಟಿಷ್ ಗಣಿತಜ್ಞ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದ್ದ. 150ನ್ನ ಗುಂಡಿನ ವ್ಯಾಸದಿಂದ ಎರಡು ಸಲ ಗುಣಿಸಿ, ಉದ್ದದಿಂದ ಭಾಗಿಸಿ. ವ್ಯಾಸ 0.243 ಇಂಚು, ಉದ್ದ 0.9 ಇಂಚು ಆದ್ರೆ ಉತ್ತರ 9.8. ಅಂದ್ರೆ 1:10 ಹೆಚ್ಚುಕಮ್ಮಿ ಸಾಕು. ಉದ್ದ 1.1 ಇಂಚು ಆದ್ರೆ ಉತ್ತರ 8ಕ್ಕೆ ಬರುತ್ತೆ. ಇವತ್ತಿನ ವೇಗದ ಗುಂಡುಗಳಿಗೆ 150ರ ಬದಲು 180 ಹಾಕ್ತಾರೆ, ಆಗ ಸ್ವಲ್ಪ ಸಡಿಲ ಸಿಗುತ್ತೆ. ಆದ್ರೆ ಅದೂ ಸೀಸದ ಗುಂಡಿನ ಲೆಕ್ಕವೇ.

ಅವನ ಕೇಸು ಇಲ್ಲೇ ಬೇರೆ ಆಗೋದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಕಾರಣ ಕಾಂಡೋರ್ ಅನ್ನೋ ದೊಡ್ಡ ರಣಹದ್ದು. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿರೋ ಸೀಸದ ಚೂರು ತಿಂದು ಅವು ಸಾಯ್ತಿದ್ವು. 1987ರಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳು ಬರೀ 27. ನಮ್ಮ ಕಡೆ ರಣಹದ್ದುಗಳಿಗೆ ದನದ ಡೈಕ್ಲೋಫೆನಾಕ್ ಇಂಜೆಕ್ಷನ್ ಹೇಗೆ ವಿಷ ಆಯ್ತೋ, ಅಲ್ಲಿ ಸೀಸ ಹಾಗೆ.

ಹಾಗಾಗಿ ಅವನು ಹೊಡೆಯಬೇಕಾದ್ದು ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕ ಬೇಕಂದ್ರೆ ಗುಂಡು ಉದ್ದ ಆಗ್ಲೇಬೇಕು. ಉದ್ದ ಆದ್ರೆ ಬಿಗಿ ಸುರುಳಿ ಬೇಕು. ಅವನ ಹಳೇ ನಳಿಗೆ 1:10. ಕ್ಲೀನಿಂಗ್ ರಾಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಗುರುತು ಹಾಕಿ ಒಳಗೆ ತಳ್ಳಿ, ಒಂದು ಸುತ್ತು ಎಷ್ಟು ಇಂಚಿಗೆ ಆಗುತ್ತೆ ಅಂತ ಅವನೇ ಅಳೆದ. ಅಂಗಡಿಯವನು "ಮೊದಲಿದ್ದ ಹಾಗೇ ಇನ್ನೊಂದು ಹಾಕ್ತೀನಿ" ಅಂದಿದ್ದ. ಹಾಗೆ ಹಾಕಿಸಿದ್ದಿದ್ರೆ ಹಗುರ ತಾಮ್ರದ ಗುಂಡಿಗಷ್ಟೇ ಗಂಟು ಬೀಳ್ತಿದ್ದ.

ಈ ತಪ್ಪನ್ನ ದೊಡ್ಡ ಕಂಪನಿಯೇ ಒಮ್ಮೆ ಮಾಡಿದೆ. .243 ಬಂದ 1955ರಲ್ಲೇ ರೆಮಿಂಗ್ಟನ್ .244 ಅಂತ ತಂದಿತು. ತೋಟಾ ಏನೂ ಕಮ್ಮಿ ಇರಲಿಲ್ಲ, ಆದ್ರೆ ನಳಿಗೆ ಟ್ವಿಸ್ಟ್ 1:12. ಸಣ್ಣ ಪ್ರಾಣಿಗಳ ಹಗುರ ಗುಂಡಿಗೆ ಸರಿ, ಜಿಂಕೆಗೆ ಬೇಕಾದ 100 ಗ್ರೇನ್ ಗುಂಡಿಗೆ ಜನ ನಂಬಲಿಲ್ಲ. ಗಿರಾಕಿಗಳೆಲ್ಲ .243 ಕಡೆ ಹೋದ್ರು. 1963ರಲ್ಲಿ ಅದೇ ತೋಟಾಗೆ 6 ಎಂಎಂ ರೆಮಿಂಗ್ಟನ್ ಅಂತ ಹೆಸರು ಬದಲಿಸಿ, ಟ್ವಿಸ್ಟ್ 1:9 ಮಾಡಿದ್ರು. ಹೋದ ಮಾರ್ಕೆಟ್ ವಾಪಸ್ ಬರಲಿಲ್ಲ.

ನಾನು 1:8 ಅಂದೆ. ತೀರಾ ಬಿಗಿ ಆದ್ರೆ ತೊಂದರೆ ಇಲ್ವಾ? ತೆಳು ಹೊದಿಕೆಯ ಹಗುರ ಸೀಸದ ಗುಂಡು ಅತಿ ವೇಗದಲ್ಲಿ ತಿರುಗಿ ಗಾಳಿಯಲ್ಲೇ ಒಡೆಯೋದುಂಟು. ಇಡಿಯಾಗಿ ತಾಮ್ರದ್ದೇ ಆದ ಗುಂಡಿಗೆ ಆ ಭಯ ಇಲ್ಲ.

ಉಳಿದದ್ದು ಬೇಗ ಮುಗೀತು. ಬೆಟ್ಟ ಹತ್ತೋನಿಗೆ ದಪ್ಪ ನಳಿಗೆ ಹೊರೆ, ಜೊತೆಗೆ ಮರದ ಹಿಡಿಯನ್ನೂ ಕೆತ್ತಿಸಬೇಕಾಗುತ್ತೆ. ಆದ್ದರಿಂದ ಹಳೇದರ ದಪ್ಪವೇ ಇರಲಿ. ಉದ್ದ 22 ಇಂಚು. ಸ್ಟೇನ್‌ಲೆಸ್ ಅಂದ್ರೆ 416ಆರ್ ಉಕ್ಕು, ತುಕ್ಕು ತಡವಾಗಿ ಹಿಡಿಯುತ್ತೆ ಅಷ್ಟೇ, ಹಿಡಿಯೋದೇ ಇಲ್ಲ ಅಂತಲ್ಲ. ಕಾರ್ಬನ್ ಫೈಬರ್ ನನ್ನ ಪ್ರಕಾರ ಅವನಿಗೆ ಬರೀ ಶೋಕಿ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಾನೇ ಆಡಿದೆ. "ಯೂಟ್ಯೂಬ್ ನೋಡಿ ನಾನೇ ಹಾಕ್ಕೋತೀನಿ" ಅಂದ. 1958ರ ಸ್ಯಾವೇಜ್ 110ರಲ್ಲಿ ಇರೋ ಒಂದು ವಿನ್ಯಾಸ ಇದೆ. ನಳಿಗೆಯ ಬುಡದಲ್ಲಿ ನಟ್ ಇರುತ್ತೆ, ಹಿಂದೆ ಮುಂದೆ ತಿರುಗಿಸಿ ಅಳತೆ ಕೂರಿಸಬಹುದು. ಮಾಡೆಲ್ 70ರಲ್ಲಿ ಆ ನಟ್ ಇಲ್ಲ, ಲೇತ್ ಮೇಲೆ ಕೂತು ಅಳೆದು ಕತ್ತರಿಸಬೇಕು. ಬೋಲ್ಟಿನ ಮುಖಕ್ಕೂ, ಚೇಂಬರಿನಲ್ಲಿ ತೋಟಾದ ಭುಜ ತಾಗೋ ಜಾಗಕ್ಕೂ ಇರೋ ದೂರಕ್ಕೆ ಹೆಡ್‌ಸ್ಪೇಸ್ ಅಂತಾರೆ. .243ಗೆ 1.630 ಇಂಚಿನ ಗೋ ಗೇಜ್ ಹಾಕಿದಾಗ ಬೋಲ್ಟ್ ಮುಚ್ಚಬೇಕು, 1.634ರ ನೋ-ಗೋ ಗೇಜ್ ಹಾಕಿದಾಗ ಮುಚ್ಚಬಾರದು. ನಡುವಿನ ವ್ಯತ್ಯಾಸ 0.1 ಮಿಲಿಮೀಟರ್, ಒಂದು ದಪ್ಪ ಕೂದಲಿನಷ್ಟು. ಜಾಗ ಹೆಚ್ಚಾದ್ರೆ ಹಿತ್ತಾಳೆ ಕವಚ ಹಿಗ್ಗಿ ಬುಡದ ಹತ್ತಿರ ಹರಿಯಬಹುದು, ಆಗ ಬಿಸಿ ಅನಿಲ ಹಿಂದೆ ನುಗ್ಗೋದು ಹೊಡೆಯೋನ ಮುಖದ ಕಡೆಗೆ. ಇದನ್ನ ಹೇಳಿದ ಮೇಲೆ ಸುಮ್ಮನಾದ. ಗನ್‌ಸ್ಮಿತ್ ಹತ್ತಿರ ಕೊಟ್ಟು, ಎರಡೂ ಗೇಜ್ ತನ್ನ ಕಣ್ಣೆದುರೇ ಹಾಕಿಸಿ ನೋಡಿದ. ನಳಿಗೆ, ಕೂಲಿ ಎಲ್ಲ ಸೇರಿ ಒಂದು ಸಾಧಾರಣ ಹೊಸ ರೈಫಲ್‌ನ ಬೆಲೆಯೇ ಆಯ್ತು. ಬರೀ ಲೆಕ್ಕ ನೋಡೋರಿಗೆ ಹೊಸ ರೈಫಲ್ಲೇ ವಾಸಿ. ಅವನಿಗೆ ಆ ಹಳೇದರ ಮೇಲೆ ಪ್ರೀತಿ.

ಕೊಡಗು, ಸಕಲೇಶಪುರದ ಕಡೆಯವರು ಕೇಳೋ ಮುಂಚೆ ನಾನೇ ಹೇಳಿಬಿಡ್ತೀನಿ. ಇದೆಲ್ಲ ಅಲ್ಲಿಯ ಮಾತು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕು ಅಂದ್ರೆ ರಿಸೀವರ್, ನಳಿಗೆ ಬರೀ ಬಿಡಿಭಾಗ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಿಡಿಭಾಗವೂ ಆಯುಧವೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಶಿಕಾರಿಯೂ ಇಲ್ಲ. ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ತಂದುಬಿಡ್ತೀನಿ ಅನ್ನೋ ಯೋಚನೆಯೂ ಬೇಡ.

ಹೋದ ತಿಂಗಳು ಅವನು ಎರಡು ಫೋಟೊ ಕಳಿಸಿದ್ದ. ಒಂದರಲ್ಲಿ 100 ಗಜದ ಕಾಗದ, ಐದು ತೂತು, ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದು. ಇನ್ನೊಂದರಲ್ಲಿ ಹಿತ್ತಲು. ಹಳೇ ನಳಿಗೆಯನ್ನ ನೆಲಕ್ಕೆ ಹುಗಿದಿದಾನೆ, ಅದರ ಮೇಲೆ ಹೀರೆಬಳ್ಳಿ ಹಬ್ಬಿದೆ.